ದೀಪಾವಳಿ ರಜೆಗೆ ಐರ್ಲೆಂಡಿನ ದ್ವೀಪ: ಮಕ್ಕಳು, ಹಿರಿಯರ ಜೊತೆ ಹೋಗಿಬರುವುದು ಹೇಗೆ

ಪುಣೆಯ ಶಾಲೆಗಳಿಗೆ ದೀಪಾವಳಿ ರಜೆ ಸಿಗುವ ಹೊತ್ತಿಗೆ ಐರ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಸೀಸನ್ ಮುಗಿದಿರುತ್ತದೆ. ಬೇಸಿಗೆಯಲ್ಲಿ ಜನ ಗಿಜಿಗುಡುವ ಜೆಟ್ಟಿಯಲ್ಲಿ ಆಗ ಊರವರು ಮತ್ತು ಅಂಗಡಿಗೆ ಬಂದ ಸರಕು, ಅಷ್ಟೇ. ಮನೆ ಬಾಡಿಗೆ ಇಳಿದಿರುತ್ತದೆ. ರಸ್ತೆ ಖಾಲಿ. ನಿಂತು ಮಾತಾಡಲು ಅಲ್ಲಿನವರಿಗೂ ಪುರುಸೊತ್ತು ಇರುತ್ತದೆ. ಪುಣೆಯ ಕೋಥ್ರೂಡ್ ಬಡಾವಣೆಯ ನಮ್ಮ ಕನ್ನಡದ ಗೆಳತಿಯರು "ಚಳಿಯಲ್ಲಿ ಅಲ್ಲಿಗ್ಯಾಕೆ, ಏನಿದೆ ಅಲ್ಲಿ?" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೂ, ಮಕ್ಕಳನ್ನು ಮತ್ತು ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವ ಆಸೆ ಇರುವ ಎಲ್ಲರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದನ್ನು ಟೂರ್ ಅಂದುಕೊಂಡು ಹೋದರೆ ಎರಡನೇ ದಿನಕ್ಕೇ ಬೇಜಾರಾಗುತ್ತದೆ. ನೆಂಟರ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರುತ್ತೇವಲ್ಲ, ಹಾಗೆ ಹೋಗಿ. ಒಂದೇ ದ್ವೀಪ, ಅಡುಗೆಮನೆ ಇರುವ ಒಂದೇ ಮನೆ, ಕಡಿಮೆ ಅಂದರೂ ನಾಲ್ಕು ರಾತ್ರಿ. ಮಿಕ್ಕ ತಯಾರಿಯನ್ನೆಲ್ಲ ಇದನ್ನು ನೋಡಿಕೊಂಡೇ ಮಾಡಬೇಕು.

ಯಾವ ದ್ವೀಪ, ಯಾವಾಗ

ಮೊದಲ ಸಲಕ್ಕೆ ಇನಿಶ್ ಮೋರ್ ಸಾಕು. ಗಾಲ್ವೇ ಕೊಲ್ಲಿಯ ಬಾಯಲ್ಲಿರುವ ಮೂರು ಅರಾನ್ ದ್ವೀಪಗಳಲ್ಲಿ ಇದೇ ದೊಡ್ಡದು. ಉದ್ದ ಸುಮಾರು 14 ಕಿಲೋಮೀಟರ್, ಅಗಲ 4 ಕಿಲೋಮೀಟರ್ ಕೂಡ ಇಲ್ಲ. ಸುಮಾರು 800 ಜನ ಇದ್ದಾರೆ. ವರ್ಷಪೂರ್ತಿ ಫೆರಿ ಓಡುತ್ತದೆ. ಕಿಲ್ರೋನನ್ ಅನ್ನುವ ಹಳ್ಳಿಯಲ್ಲಿ ಸೂಪರ್‌ಮಾರ್ಕೆಟ್, ಎಟಿಎಂ, ಹೆಲ್ತ್ ಸೆಂಟರ್ ಇವೆ. ಚಳಿಗಾಲದಲ್ಲಿ ಚಿಕ್ಕ ಮಕ್ಕಳನ್ನೂ ವಯಸ್ಸಾದವರನ್ನೂ ಇಟ್ಟುಕೊಂಡು ಇರುವಾಗ ಈ ಮೂರೂ ಬೇಕೇ ಬೇಕು. ನಡುವಿನ ಇನಿಶ್ ಮಾನ್ ಇನ್ನೂ ಶಾಂತವಾಗಿದೆ, ಸುಮಾರು 200 ಜನ ಅಷ್ಟೇ. ಆದರೆ ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ದೋಣಿ ಅಂದರೆ ಹೊಟ್ಟೆ ತೊಳೆಸುವವರು ಮನೆಯಲ್ಲಿದ್ದರೆ ಮೇಯೋ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಅಕಿಲ್ ದ್ವೀಪ ನೋಡಿ. ಅದಕ್ಕೆ ಸೇತುವೆ ಇದೆ, ಕಾರಿನಲ್ಲೇ ಹೋಗಬಹುದು. ಕೆರ್ರಿ ಕೌಂಟಿಯ ವ್ಯಾಲೆಂಷಿಯಾಕ್ಕೂ ಸೇತುವೆ ಇದೆ. ಅಟ್ಲಾಂಟಿಕ್ ದಾಟಿ ಅಮೆರಿಕದ ಕಡೆಗೆ ಟೆಲಿಗ್ರಾಫ್ ಕೇಬಲ್ ಹಾಕಿದ್ದು ಅಲ್ಲಿಂದಲೇ, 1866ರಲ್ಲಿ ಅದು ಗಟ್ಟಿಯಾಗಿ ನಿಂತಿತು. ಇಂಥದ್ದರಲ್ಲಿ ಆಸಕ್ತಿ ಇರುವ ಮಕ್ಕಳಿಗೆ ಅದು ಒಳ್ಳೆಯ ಜಾಗ.

ಸಮಯದ ಬಗ್ಗೆ ಒಂದು ವಿಷಯ. ಅಕ್ಟೋಬರ್ ಕೊನೆಯ ಸೋಮವಾರ ಐರ್ಲೆಂಡಿನಲ್ಲಿ ಸರಕಾರಿ ರಜೆ. ಆ ವಾರ ಅಲ್ಲಿನ ಶಾಲೆಗಳಿಗೂ ರಜೆ. ಹಾಗಾಗಿ ಅಲ್ಲಿನ ಕುಟುಂಬಗಳೂ ದ್ವೀಪಕ್ಕೆ ಬರುತ್ತವೆ, ಮನೆ ಸಿಗುವುದು ಕಷ್ಟ. ಅದು ಮುಗಿದ ಮೇಲೆ, ನವೆಂಬರ್ ಮೊದಲ ಎರಡು ವಾರ, ನಿಜವಾಗಿ ಖಾಲಿ ಇರುವ ಸಮಯ. ದೀಪಾವಳಿ ನವೆಂಬರಿನಲ್ಲಿ ಬರುವ ವರ್ಷಗಳಲ್ಲಿ ನಮ್ಮ ರಜೆಗೆ ಅದು ಸರಿಯಾಗಿ ಹೊಂದುತ್ತದೆ. ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಆಮೇಲೆ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ನಾಲ್ಕು, ಇದೇ ನಿಮ್ಮ ದಿನ ಅಂತ ಲೆಕ್ಕ ಇಟ್ಟುಕೊಳ್ಳಿ.

ವೀಸಾ ಮತ್ತು ದಾರಿ

ಐರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿದೆ, ಆದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪಾದ ಷೆಂಗೆನ್‌ನಲ್ಲಿ ಇಲ್ಲ. ಷೆಂಗೆನ್ ವೀಸಾ ಇದ್ದರೆ ಅಲ್ಲಿ ನಡೆಯುವುದಿಲ್ಲ. ಐರ್ಲೆಂಡಿನದೇ ವೀಸಾ ಬೇಕು. ಮೊದಲು ಆನ್‌ಲೈನ್ ಅರ್ಜಿ ತುಂಬಿ, ಆಮೇಲೆ ಪಾಸ್‌ಪೋರ್ಟ್ ಮತ್ತು ಕಾಗದಪತ್ರವನ್ನು ವೀಸಾ ಅರ್ಜಿ ತೆಗೆದುಕೊಳ್ಳುವ ಏಜೆನ್ಸಿಯಾದ ವಿಎಫ್‌ಎಸ್ ಸೆಂಟರಿಗೆ ಕೊಡಬೇಕು. ಒಂದು ಸಲದ ಪ್ರವೇಶಕ್ಕೆ 60 ಯೂರೋ, ಹಲವು ಸಲಕ್ಕೆ 100 ಯೂರೋ, ಮೇಲೆ ಸರ್ವಿಸ್ ಚಾರ್ಜ್. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಮೂರು ತಿಂಗಳು ಬಂದ ಕೂಡಲೇ ಹಾಕಿಬಿಡಿ. ದೀಪಾವಳಿಗೆ ಹೋಗುವುದಾದರೆ ಗಣಪತಿ ಹಬ್ಬದ ಗಡಿಬಿಡಿ ಶುರುವಾಗುವ ಮೊದಲೇ ಈ ಕೆಲಸ ಮುಗಿದಿರಬೇಕು.

ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ, ಶಾಲೆಯ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಉಳಿಯುವ ಮನೆಯ ಬುಕಿಂಗ್ ಎಲ್ಲ ಜೋಡಿಸಿಡಿ. ಮರಾಠಿಯಲ್ಲೋ ಕನ್ನಡದಲ್ಲೋ ಮಾತ್ರ ಇರುವ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಅನುವಾದ ಮಾಡಿಸಬೇಕು. ಜೊತೆಗೆ ಒಂದು ಪತ್ರ ಬರೆಯಿರಿ: ಯಾರ್ಯಾರು ಹೋಗುತ್ತಿದ್ದೇವೆ, ಈ ಹೊತ್ತಲ್ಲಿ ಆ ದ್ವೀಪಕ್ಕೇ ಯಾಕೆ, ಯಾವತ್ತು ವಾಪಸ್. ಚಳಿಗಾಲದಲ್ಲಿ ಒಂದು ಚಿಕ್ಕ ದ್ವೀಪಕ್ಕೆ ಇಡೀ ಕುಟುಂಬ ಹೊರಟಿದೆ ಅಂದರೆ ಓದುವವರಿಗೆ ಪ್ರಶ್ನೆ ಬರುವುದು ಸಹಜ. ಶಾಲೆಯ ರಜೆ ಆಗ ಇದೆ ಅನ್ನುವುದನ್ನು ಬಿಡಿಸಿ ಬರೆದರೆ ಸಾಕು.

ಮುಂಬೈಯಿಂದ ದುಬೈ, ಅಬುಧಾಬಿ ಅಥವಾ ದೋಹಾ ಮೂಲಕ ಡಬ್ಲಿನ್‌ಗೆ ಹೋಗುವುದು ಸುಲಭ. ಲಂಡನ್ ಮೂಲಕ ಅಗ್ಗದ ಟಿಕೆಟ್ ಕಂಡರೆ ಮೊದಲು ಯುಕೆ ವೀಸಾದ ನಿಯಮ ನೋಡಿ, ಆಮೇಲೆ ದುಡ್ಡು ಕಟ್ಟಿ. ಡಬ್ಲಿನ್ ವಿಮಾನ ನಿಲ್ದಾಣದಿಂದಲೇ ಪಶ್ಚಿಮ ಕರಾವಳಿಯ ಗಾಲ್ವೇ ಊರಿಗೆ ನೇರ ಬಸ್ ಇದೆ, ಎರಡೂವರೆ ಮೂರು ಗಂಟೆ. ರೈಲಿಗೆ ಹೋಗುವುದಾದರೆ ಊರೊಳಗಿನ ಹ್ಯೂಸ್ಟನ್ ಸ್ಟೇಷನ್‌ಗೆ ಬರಬೇಕು. ಅದೇ ದಿನ ದ್ವೀಪಕ್ಕೆ ದಾಟುವ ಹಟ ಬೇಡ. ಗಾಲ್ವೇಯಲ್ಲಿ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಸಾಮಾನು ಕೊಂಡು ಹೊರಡಿ.

ಫೆರಿ ಹೊರಡುವುದು ಗಾಲ್ವೇಯಿಂದ ಒಂದು ಗಂಟೆ ದೂರದ ರೋಸವೀಲ್ ಜೆಟ್ಟಿಯಿಂದ. ಫೆರಿ ಕಂಪನಿಯ ಬಸ್ಸೇ ಗಾಲ್ವೇ ಊರೊಳಗಿಂದ ಕರೆದುಕೊಂಡು ಹೋಗುತ್ತದೆ, ಟಿಕೆಟ್ ತೆಗೆಯುವಾಗಲೇ ಬಸ್ಸನ್ನೂ ಸೇರಿಸಿಕೊಳ್ಳಿ. ಸಮುದ್ರದ ಮೇಲೆ ಸುಮಾರು 40 ನಿಮಿಷ. ಇದರಲ್ಲಿ ಕಾರು ಹೋಗುವುದಿಲ್ಲ, ಜನ ಮತ್ತು ಸಾಮಾನು ಮಾತ್ರ. ಕ್ಲೇರ್ ಕೌಂಟಿಯ ಡೂಲಿನ್‌ನಿಂದಲೂ ಬೇಸಿಗೆಯಲ್ಲಿ ಫೆರಿ ಇರುತ್ತದೆ, ಚಳಿಗಾಲದಲ್ಲಿ ಅದು ನಿಲ್ಲುತ್ತದೆ. ಹಳೆಯ ಪ್ರವಾಸ ಕಥನ ಓದಿ ಡೂಲಿನ್‌ನಲ್ಲಿ ಹೋಟೆಲ್ ಬುಕ್ ಮಾಡಬೇಡಿ. ಫೆರಿ ಹತ್ತುವ ಅರ್ಧ ಗಂಟೆ ಮೊದಲು ಮಕ್ಕಳಿಗೆ ವಾಂತಿ ಮಾತ್ರೆ ಕೊಡಿ, ನಿಮ್ಮ ಡಾಕ್ಟರರನ್ನು ಇಲ್ಲೇ ಕೇಳಿ ತೆಗೆದುಕೊಂಡಿರಿ. ಹಿಂಭಾಗದ ಸೀಟಿನಲ್ಲಿ ಕೂತರೆ ಕುಲುಕಾಟ ಕಡಿಮೆ.

ಮನೆ

ಹೋಟೆಲ್, ಬಿ ಆಂಡ್ ಬಿಗಳಲ್ಲಿ (ಬೆಳಗಿನ ತಿಂಡಿ ಸೇರಿಸಿ ಬಾಡಿಗೆಗೆ ಕೊಡುವ ರೂಮುಗಳು) ಕೆಲವು ಚಳಿಗಾಲಕ್ಕೆ ಮುಚ್ಚಿರುತ್ತವೆ. ಮನೆ ಬಾಡಿಗೆಗೆ ತೆಗೆದುಕೊಳ್ಳುವುದೇ ಸರಿ. ಕಿಲ್ರೋನನ್‌ನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಸಮುದ್ರದ ನೋಟ ಎಷ್ಟೇ ಚೆನ್ನಾಗಿರಲಿ, ಕತ್ತಲಾದ ಮೇಲೆ ಹಾಲು ತರಲು ಐದು ಕಿಲೋಮೀಟರ್ ಹೋಗುವ ಮನೆ ಬೇಡ.

ಬುಕ್ ಮಾಡುವ ಮೊದಲು ಮಾಲೀಕರಿಗೆ ಮೂರು ಪ್ರಶ್ನೆ ಕೇಳಿ. ಮನೆ ಬಿಸಿಯಾಗುವುದು ಯಾವುದರಿಂದ? ಸ್ಟವ್‌ಗೆ (ಮನೆ ಬಿಸಿ ಮಾಡುವ ಅಗ್ಗಿಷ್ಟಿಕೆಗೆ) ಉರುವಲು ಬಾಡಿಗೆಯಲ್ಲೇ ಸೇರಿದೆಯಾ? ಅಡುಗೆಯ ಒಲೆ ಇಂಡಕ್ಷನ್ನಾ? ಈ ಕೊನೆಯದು ನಮಗೆ ಮುಖ್ಯ. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ, ಇಂಡಕ್ಷನ್ ತಳ ಇರುವ ಚಿಕ್ಕ ಸ್ಟೀಲ್ ಕುಕ್ಕರ್ ಒಯ್ಯಬೇಕು. ಅಲ್ಲಿನ ಕರೆಂಟ್ 230 ವೋಲ್ಟ್, ನಮ್ಮ ಮಿಕ್ಸಿ ನಡೆಯುತ್ತದೆ. ಪ್ಲಗ್ ಮಾತ್ರ ಬೇರೆ, ಚೌಕದ ಮೂರು ಕಡ್ಡಿಯದ್ದು. ಇಂಗ್ಲೆಂಡಿನ ಅಡಾಪ್ಟರ್ ಸರಿಹೋಗುತ್ತದೆ.

ಮನೆಗೆ ಕಾಲಿಟ್ಟ ಕೂಡಲೇ ಬಿಸಿನೀರಿನ ವ್ಯವಸ್ಥೆ ಕಲಿತುಕೊಳ್ಳಿ. ಐರ್ಲೆಂಡಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಒಂದು ಕಪಾಟಿನಲ್ಲಿರುತ್ತದೆ. ಅದಕ್ಕೆ 'ಹಾಟ್ ಪ್ರೆಸ್' ಅನ್ನುತ್ತಾರೆ. ಅದನ್ನು ಕಾಯಿಸುವ ಸ್ವಿಚ್ 'ಇಮ್ಮರ್ಷನ್'. ಅದರಲ್ಲಿ ಎರಡು ಆಯ್ಕೆ: 'ಸಿಂಕ್' ಅಂದರೆ ಮೇಲಿನ ಸ್ವಲ್ಪ ನೀರು, 'ಬಾತ್' ಅಂದರೆ ಪೂರ್ತಿ ಟ್ಯಾಂಕ್. ಪಾತ್ರೆ ತೊಳೆಯಲು ಸಿಂಕ್ ಸಾಕು. ನೀರು ಕಾದ ಮೇಲೆ ಆರಿಸುವುದು ಮರೆಯಬೇಡಿ, ಕರೆಂಟ್ ಬಿಲ್ ಬೇರೆಯಾಗಿ ಕಟ್ಟುವ ಮನೆಗಳೂ ಇವೆ. ಶವರ್ ಬೇರೆ ಎಲೆಕ್ಟ್ರಿಕ್ ಆಗಿದ್ದರೆ ಅದರ ಸ್ವಿಚ್ ಬಚ್ಚಲಿನ ಹೊರಗೋ, ಮೇಲಿಂದ ಇಳಿಬಿಟ್ಟ ದಾರದಲ್ಲೋ ಇರುತ್ತದೆ.

ಆ ಹಾಟ್ ಪ್ರೆಸ್ ಕಪಾಟು ನಮ್ಮವರಿಗೆ ದೊಡ್ಡ ಉಪಕಾರ. ಒದ್ದೆ ಸಾಕ್ಸ್, ಕೈಗವಸು ಒಣಗುವುದು ಅಲ್ಲೇ. ದೋಸೆ ಹಿಟ್ಟು ಹುದುಗು ಬರುವುದೂ ಅಲ್ಲೇ. ಆ ಚಳಿಯಲ್ಲಿ ಕಟ್ಟೆಯ ಮೇಲಿಟ್ಟ ಹಿಟ್ಟು ಬೆಳಿಗ್ಗೆ ಹಾಗೇ ಕೂತಿರುತ್ತದೆ. ಅದೇ ಪಾತ್ರೆಯನ್ನು ಟ್ಯಾಂಕಿನ ಪಕ್ಕ ಟವೆಲ್ ಸುತ್ತಿ ಇಟ್ಟರೆ ಬೆಳಿಗ್ಗೆ ಚೆನ್ನಾಗಿ ಉಬ್ಬಿರುತ್ತದೆ. ತಳಕ್ಕೆ ಒಂದು ತಟ್ಟೆ ಇಡಿ, ಉಕ್ಕಿದರೆ ಮಾಲೀಕರ ಬೆಡ್‌ಶೀಟ್ ಹಾಳಾಗಬಾರದು.

ಕಬ್ಬಿಣದ ಸ್ಟವ್ ಇದ್ದರೆ ಅಂಗಡಿಯಲ್ಲಿ ಪೀಟ್ ಬ್ರಿಕೆಟ್‌ನ ಕಟ್ಟು ತನ್ನಿ. ಜವುಗು ನೆಲದ ಮಣ್ಣನ್ನು ಒಣಗಿಸಿ ಒತ್ತಿದ ಇಟ್ಟಿಗೆ ಅದು. ಎರಡನ್ನು ಮುರಿದು ನಡುವೆ ಗಾಳಿ ಆಡುವಂತೆ ಆನಿಸಿ, ಮಧ್ಯೆ ಫೈರ್‌ಲೈಟರ್ ತುಂಡು ಇಟ್ಟು ಹಚ್ಚಿ. ಕೆಳಗಿನ ಗಾಳಿಕಿಂಡಿ ಪೂರ್ತಿ ತೆರೆದಿರಲಿ. ಉರಿ ಹಿಡಿದ ಮೇಲೆ ಬಾಗಿಲು ಮುಚ್ಚಿ, ಕಿಂಡಿ ಅರ್ಧ ಮಾಡಿ. ಬೇಗ ಹಿಡಿಯಲಿ ಅಂತ ಪೇಪರ್ ತುಂಬಬೇಡಿ, ಸುಮ್ನೆ ಹೊಗೆ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ (ಉರಿಯಿಂದ ಬರುವ, ವಾಸನೆ ಇಲ್ಲದ ವಿಷಾನಿಲ) ಅಲಾರಂ ಇದೆಯಾ, ಕೆಲಸ ಮಾಡುತ್ತದಾ ಅಂತ ಮೊದಲ ದಿನವೇ ಬಟನ್ ಒತ್ತಿ ನೋಡಿ.

ಹೊಗೆಯ ಅಲಾರಂ ಒಗ್ಗರಣೆಗೂ ಕೂಗುತ್ತದೆ. ಒಣಮೆಣಸಿನಕಾಯಿ ಹಾಕುವ ಮೊದಲು ಚಿಮಣಿ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ಅಲಾರಂಗೆ ಬಟ್ಟೆ ಸುತ್ತುವುದು ಖಂಡಿತ ಬೇಡ. ಹಬ್ಬದ ದೀಪ ಹಚ್ಚುವುದಾದರೆ ಸ್ಟವ್ ಮುಂದಿನ ಕಲ್ಲಿನ ಹಾಸಿನ ಮೇಲೆ, ಎದುರಿಗೆ ಕೂತಿರುವಷ್ಟು ಹೊತ್ತು ಮಾತ್ರ. ಹೊರಗಿನ ಗಾಳಿಗೆ ಹಣತೆ ನಿಲ್ಲುವುದಿಲ್ಲ.

ಏನು ಒಯ್ಯಬೇಕು, ಏನು ಬೇಡ

ಭಾರತದಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪನೀರ್, ಖೋವಾ ಯಾವುದೂ ಬೇಡ. ಧಾರವಾಡ ಪೇಡಾವನ್ನೂ ಮನೆಯಲ್ಲೇ ತಿಂದು ಹೊರಡಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ ಕೂಡ ಬ್ಯಾಗಿನಲ್ಲಿ ಇಡಬೇಡಿ. ಬೇಳೆ, ಅವಲಕ್ಕಿ, ರವೆ, ಸಾರಿನ ಪುಡಿ, ಹುಣಸೆಹಣ್ಣು ಒಯ್ಯಿರಿ.

ನಮ್ಮದು ಹುಬ್ಬಳ್ಳಿ ಕಡೆ. ಅತ್ತೆಯವರು ಹೊರಡುವ ಮೊದಲು ಜೋಳದ ಕಡಕ್ ರೊಟ್ಟಿ ಮಾಡಿ ಡಬ್ಬಿಗೆ ತುಂಬಿದರು, ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಇದಕ್ಕಿಂತ ಒಳ್ಳೆಯ ಪ್ರಯಾಣದ ಊಟ ನನಗೆ ಗೊತ್ತಿಲ್ಲ. ವಾರಗಟ್ಟಲೆ ಕೆಡುವುದಿಲ್ಲ, ಬಿಸಿ ಮಾಡಬೇಕಿಲ್ಲ, ಕೋಟಿನ ಜೇಬಿನಲ್ಲಿ ಮುರಿದು ಇಟ್ಟುಕೊಂಡು ಬೆಟ್ಟ ಹತ್ತಬಹುದು.

ತುಪ್ಪವನ್ನು ಅಲ್ಲೇ ಕಾಯಿಸಿ. ಐರ್ಲೆಂಡಿನ ಹಸುಗಳು ವರ್ಷದ ಬಹುಭಾಗ ಹುಲ್ಲು ಮೇಯುತ್ತವೆ. ಬೆಣ್ಣೆಯ ಬಣ್ಣವೇ ಹಳದಿ. ಅಂಗಡಿಯಲ್ಲಿ 227 ಗ್ರಾಂ ಮತ್ತು 454 ಗ್ರಾಂ ಕಟ್ಟುಗಳು ಸಿಗುತ್ತವೆ. ಹೆಚ್ಚಿನವು ಉಪ್ಪು ಹಾಕಿದ್ದು, ಹುಡುಕಿ 'ಅನ್‌ಸಾಲ್ಟೆಡ್' ಅಂತ ಬರೆದಿದ್ದನ್ನೇ ತನ್ನಿ. ಸಣ್ಣ ಉರಿಯಲ್ಲಿ ಕಾಯಿಸಿ ಇಳಿಸಿದಾಗ ಬಾಡಿಗೆ ಮನೆ ಅನ್ನುವುದೇ ಮರೆತುಹೋಗುವಂಥ ವಾಸನೆ. ಬಿಸಿ ಅನ್ನ, ತೊವ್ವೆ, ಮೇಲೆ ಆ ತುಪ್ಪ. ಹೊರಗೆ ಗಾಳಿ ಕಿಟಕಿ ಬಡಿಯುವಾಗ ನಮ್ಮ ಮಕ್ಕಳು ತಕರಾರಿಲ್ಲದೆ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ದ್ವೀಪದ ಅಂಗಡಿಗೆ ಬರುವ ಸಾಮಾನೂ ದೋಣಿಯಲ್ಲೇ ಬರಬೇಕು. ಸಮುದ್ರ ಕೆಟ್ಟರೆ ತರಕಾರಿ, ಬ್ರೆಡ್ ಖಾಲಿಯಾಗುತ್ತದೆ. ಕೊತ್ತಂಬರಿ, ಶುಂಠಿ, ಹಸಿಮೆಣಸಿನಕಾಯಿ, ಮೊಸರು ಗಾಲ್ವೇಯಲ್ಲೇ ಕೊಳ್ಳಿ. ಆಲೂಗಡ್ಡೆ, ಈರುಳ್ಳಿ, ಕ್ಯಾರೆಟ್, ಎಲೆಕೋಸು ದ್ವೀಪದಲ್ಲೇ ಸಿಗುತ್ತವೆ. 'ರೂಸ್ಟರ್' ಅನ್ನುವ ಕೆಂಪು ಸಿಪ್ಪೆಯ ಆಲೂಗಡ್ಡೆ ಬೆಂದರೆ ಹಿಟ್ಟಿನಂತಾಗುತ್ತದೆ, ದೋಸೆ ಪಲ್ಯಕ್ಕೆ ಹೇಳಿ ಮಾಡಿಸಿದ್ದು. ಪಬ್‌ನಲ್ಲಿ ತರಕಾರಿ ಸೂಪ್, ಬ್ರೌನ್ ಬ್ರೆಡ್ ಚೆನ್ನಾಗಿರುತ್ತದೆ. ಸಸ್ಯಾಹಾರಿಗಳಾದರೆ ಸೂಪಿಗೆ ಕೋಳಿಯ ಸ್ಟಾಕ್ ಹಾಕಿದ್ದಾರಾ ಅಂತ ಕೇಳಿ. ಮಕ್ಕಳನ್ನು ಕರೆದುಕೊಂಡು ಹೋಗಬಹುದು, ಆದರೆ ಚಳಿಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲು ಹೊರಟುಬಿಡಿ. ಹದಿನೆಂಟಕ್ಕಿಂತ ಚಿಕ್ಕವರು ಆಮೇಲೆ ಅಲ್ಲಿ ಇರುವಂತಿಲ್ಲ, ಅದು ಕಾನೂನು. ಅಕ್ಟೋಬರ್ ಕೊನೆಗೆ ಹೋದರೆ ಅಂಗಡಿಯಲ್ಲಿ 'ಬಾರ್ಮ್‌ಬ್ರ್ಯಾಕ್' ಅನ್ನುವ ಒಣದ್ರಾಕ್ಷಿ ಬ್ರೆಡ್ ಸಿಗುತ್ತದೆ. ಒಳಗೆ ಒಂದು ಉಂಗುರ ಇಟ್ಟಿರುತ್ತಾರೆ. ಚಿಕ್ಕವರಿಗೆ ಕೊಡುವಾಗ ನೋಡಿ ಕೊಡಿ.

ಬಟ್ಟೆ ವಿಷಯದಲ್ಲಿ ಚಳಿಗೆ ಹೆದರುವುದು ಬೇಡ, ಗಾಳಿಗೆ ತಯಾರಾಗಿ. ಹಗಲು ಹತ್ತು ಡಿಗ್ರಿ ಆಸುಪಾಸು ಇರುತ್ತದೆ. ಅಟ್ಲಾಂಟಿಕ್ ಗಾಳಿ ಮತ್ತು ಅಡ್ಡ ಮಳೆ ಸೇರಿದರೆ ಅದೇ ಹತ್ತು ಡಿಗ್ರಿ ಮೂಳೆಗೆ ಇಳಿಯುತ್ತದೆ. ಛತ್ರಿ ಒಯ್ಯಲೇಬೇಡಿ. ಸಿಂಹಗಡ, ರಾಜಗಡದ ಮಳೆಗಾಲದ ಟ್ರೆಕ್‌ಗೆ ಕೊಂಡ ರೇನ್ ಜಾಕೆಟ್, ರೇನ್ ಪ್ಯಾಂಟ್ ಇದ್ದರೆ ಅದೇ ಸಾಕು. ಒಳಗೆ ಥರ್ಮಲ್, ಒಂದು ಉಣ್ಣೆ ಸ್ವೆಟರ್, ಕಿವಿ ಮುಚ್ಚುವ ಟೋಪಿ. ಶೂ ಮಾತ್ರ ನೀರು ಒಳಗೆ ಬಿಡದ, ಜಾರದ ಶೂ ಇರಲಿ. ಹಿರಿಯರಿಗೂ ಸೀರೆಯ ಕೆಳಗೆ ಅದೇ ಶೂ. ದಿನಾ ತೆಗೆದುಕೊಳ್ಳುವ ಔಷಧ ವಾರದಷ್ಟು ಜಾಸ್ತಿಯೇ ಇರಲಿ, ಡಾಕ್ಟರ್ ಚೀಟಿ ಜೊತೆಗೆ. ತುರ್ತು ನಂಬರ್ 112.

ದಿನ ಕಳೆಯುವುದು

ನೋಡಲೇಬೇಕಾದ್ದು ಡೂನ್ ಏಂಗಸ್. ಸುಮಾರು 100 ಮೀಟರ್ ಎತ್ತರದ ಬಂಡೆಯ ಅಂಚಿಗೆ ಕಟ್ಟಿದ ಕಲ್ಲಿನ ಕೋಟೆ, ಅದರ ಮೊದಲ ಕಟ್ಟಡ ಕ್ರಿಸ್ತಪೂರ್ವ 1100ರ ಸುಮಾರಿನದು. ಕಿಲ್ರೋನನ್‌ನಿಂದ ಏಳು ಕಿಲೋಮೀಟರ್ ಆಸುಪಾಸು. ಎರಡು ದಾರಿ ಇವೆ. ಸೈಕಲ್ ತೆಗೆದುಕೊಂಡರೆ ಕಡಲ ಬದಿಯ ಕೆಳಗಿನ ರಸ್ತೆ ಹಿಡಿಯಿರಿ. ಏರು ಕಡಿಮೆ, ನೀರು ಇಳಿದ ಹೊತ್ತಾದರೆ ಬಂಡೆಗಳ ಮೇಲೆ ಸೀಲ್‌ಗಳು ಮಲಗಿರುವುದು ಕಾಣುತ್ತದೆ. ದೂರದಿಂದಲೇ ನೋಡಿ. ಹಿರಿಯರಿಗೆ ಮಿನಿಬಸ್ ಮಾಡಿ. ಚಳಿಗಾಲದಲ್ಲಿ ಹಿಂದಿನ ದಿನವೇ ಮಾತಾಡಿಕೊಳ್ಳಬೇಕು, ಮನೆಯ ಮಾಲೀಕರನ್ನು ಕೇಳಿದರೆ ಅವರೇ ಹೇಳಿ ಕಳಿಸುತ್ತಾರೆ.

ಬಸ್ಸು ಬಿಟ್ಟಲ್ಲಿಂದ ಮೇಲಕ್ಕೆ ಇನ್ನೂ ಒಂದು ಕಿಲೋಮೀಟರ್ ಹತ್ತಿರ ಹತ್ತಬೇಕು. ಕೊನೆಯ ಭಾಗ ಬರೀ ಕಲ್ಲು, ಮಳೆ ಬಿದ್ದಿದ್ದರೆ ಜಾರುತ್ತದೆ. ಮಂಡಿನೋವು ಇರುವವರು ಕೆಳಗಿನ ವಿಸಿಟರ್ ಸೆಂಟರಿನಲ್ಲೇ ಕೂರಲಿ. ಮೇಲೆ ಹೋದವರು ನೆನಪಿಡಿ: ಅಂಚಿಗೆ ಯಾವ ಕಂಬಿಯೂ ಇಲ್ಲ. ಮಕ್ಕಳ ಕೈ ಬಿಡಬೇಡಿ. ಗಾಳಿ ಜೋರಿದ್ದರೆ ಒಳಗಿನ ಗೋಡೆಯ ಆಸರೆಯಲ್ಲೇ ನಿಂತು ಸಮುದ್ರದ ಸದ್ದು ಕೇಳಿ ವಾಪಸ್ ಬನ್ನಿ. ದಕ್ಷಿಣದ ಬದಿಯಲ್ಲಿ ಪೋಲ್ ನ ಬೇಶ್ಟ್ ಅನ್ನುವ ಜಾಗ ಇದೆ, ಯಾರೋ ಅಳತೆ ಹಿಡಿದು ಕೊರೆದಂತೆ ಆಯತಾಕಾರದ ನೈಸರ್ಗಿಕ ಹೊಂಡ. ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ಚಳಿಗಾಲದ ಅಲೆ ಇರುವಾಗ ಮಕ್ಕಳ ಜೊತೆ ಅಲ್ಲಿಗೆ ಹೋಗುವುದು ಬೇಡವೇ ಬೇಡ.

ಮಿಕ್ಕ ದಿನಗಳಲ್ಲಿ ಸುಮ್ನೆ ನಡೆಯಿರಿ. ಈ ದ್ವೀಪ ಪೂರ್ತಿ ಸುಣ್ಣಕಲ್ಲು. ಮಣ್ಣೇ ಇಲ್ಲದ ಕಡೆ ಮರಳು ಮತ್ತು ಕಡಲ ಪಾಚಿ ಹೊತ್ತು ತಂದು ಹಾಸಿ ಹೊಲ ಮಾಡಿದ್ದಾರೆ. ಎಲ್ಲಿ ನೋಡಿದರೂ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆ. ಮೂರೂ ದ್ವೀಪದ ಗೋಡೆ ಸೇರಿಸಿದರೆ 2,000 ಕಿಲೋಮೀಟರಿಗೂ ಹೆಚ್ಚು ಅನ್ನುತ್ತಾರೆ. ನಮ್ಮ ಅತ್ತೆಯವರು ಗದಗದ ಒಕ್ಕಲುತನದ ಮನೆಯಿಂದ ಬಂದವರು. ಹಾದಿಯಲ್ಲಿ ಒಬ್ಬ ವಯಸ್ಸಾದ ರೈತರು ಗೋಡೆಯ ಒಂದು ಭಾಗದ ಕಲ್ಲುಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟರು. ಆ ಕಿಂಡಿಯಿಂದ ಎರಡು ಹಸು ಹೊರಬಂದವು. ಆಮೇಲೆ ಅವೇ ಕಲ್ಲುಗಳನ್ನು, ದೊಡ್ಡದು ಕೆಳಗೆ ಚಿಕ್ಕದು ಮೇಲೆ, ಮತ್ತೆ ಜೋಡಿಸಿದರು. ಗೇಟು ಇಲ್ಲ, ಬೀಗ ಇಲ್ಲ. ಅತ್ತೆಯವರು ಕೊನೆಯ ಕಲ್ಲು ಇಡುವ ತನಕ ನಿಂತು ನೋಡಿ, "ಛಲೋ ಐತಿ ನೋಡವ್ವಾ, ಕಬ್ಬಿಣದ ಖರ್ಚs ಇಲ್ಲ" ಅಂದರು. ಇಂಥದ್ದು ನೋಡಲು ಸಿಗುವುದು ಬಿಡುವಾಗಿ ನಡೆದಾಗಲೇ. ಬೇಸಿಗೆಯಲ್ಲಿ ಮಿನಿಬಸ್ಸಿನ ಸಾಲಿನ ನಡುವೆ ಅಷ್ಟು ಹೊತ್ತು ನಿಲ್ಲಲು ಯಾರು ಬಿಡುತ್ತಾರೆ?

ಇಲ್ಲಿನವರ ಮನೆಮಾತು ಐರಿಷ್, ಇಂಗ್ಲಿಷ್ ಎಲ್ಲರಿಗೂ ಬರುತ್ತದೆ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಅನ್ನುವ ನಮ್ಮ ಮಕ್ಕಳಿಗೆ ಅದು ವಿಶೇಷ ಅನ್ನಿಸಲೇ ಇಲ್ಲ. ಅಂಗಡಿಯಲ್ಲಿ 'ಗುರ ಮಾ ಅಗತ್', ಅಂದರೆ ಥ್ಯಾಂಕ್ಸ್, ಅನ್ನಲು ಕಲಿಸಿ. ಮಾತು ಬೆಳೆಯುತ್ತದೆ. ರಾತ್ರಿಗೆ ಒಂದು ಇಸ್ಪೀಟ್ ಕಟ್ಟು, ಚೌಕಾಬಾರ ಇದ್ದರೆ ಅದೂ ಇರಲಿ. ಕತ್ತಲೆ ಬಹಳ ಉದ್ದ. ಮೋಡ ಸರಿದ ರಾತ್ರಿ ಎಲ್ಲರಿಗೂ ಜಾಕೆಟ್ ಹಾಕಿಸಿ ಐದು ನಿಮಿಷ ಹೊರಗೆ ನಿಲ್ಲಿಸಿ. ಪುಣೆಯಲ್ಲಿ ಹುಟ್ಟಿದ ಮಕ್ಕಳು ಅಷ್ಟು ನಕ್ಷತ್ರ ನೋಡಿರುವುದಿಲ್ಲ.

ವಾಪಸ್ ಬರುವುದು

ಫೆರಿ ರದ್ದಾಗುವುದು ಅಲ್ಲಿ ಮಾಮೂಲು. ಅದಕ್ಕೆ ಜಾಗ ಬಿಟ್ಟೇ ಟಿಕೆಟ್ ಮಾಡಬೇಕು. ದ್ವೀಪದಿಂದ ಹೊರಡುವ ದಿನಕ್ಕೂ ಡಬ್ಲಿನ್ ವಿಮಾನಕ್ಕೂ ನಡುವೆ ಎರಡು ರಾತ್ರಿ ಇರಲಿ, ಒಂದೇ ಇದ್ದರೆ ಎದೆ ಢವಢವ. ಆ ರಾತ್ರಿಗಳಿಗೆ ಗಾಲ್ವೇಯಲ್ಲಿ ಕ್ಯಾನ್ಸಲ್ ಮಾಡಬಹುದಾದ ರೂಮ್ ತೆಗೆದುಕೊಳ್ಳಿ. ಪ್ರಯಾಣ ವಿಮೆ ಮಾಡಿಸುವಾಗ ಹವಾಮಾನದಿಂದ ತಡವಾಗಿ ವಿಮಾನ ತಪ್ಪಿದರೆ ಹಣ ಕೊಡುತ್ತಾರಾ ಅಂತ ಪಾಲಿಸಿಯಲ್ಲೇ ಓದಿ, ಏಜೆಂಟ್ ಬಾಯಿಮಾತು ಸಾಲದು.

ದಿನಾ ಬೆಳಿಗ್ಗೆ ಮೆಟ್ ಏರನ್ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಎಚ್ಚರಿಕೆ ಹಳದಿ, ಕಿತ್ತಳೆ, ಕೆಂಪು ಅಂತ ಮೂರು ಬಣ್ಣದಲ್ಲಿ ಬರುತ್ತದೆ. ಗಾಳಿಗೆ ಕಿತ್ತಳೆ ಬಂದರೆ ಫೆರಿ ಹೋಗುತ್ತದೆ ಅಂತ ನಂಬಿ ಕೂರಬೇಡಿ. ದ್ವೀಪದಿಂದ ಗಾಲ್ವೇ ಕಡೆಯ ದಡದಲ್ಲಿರುವ ಕನ್ನೆಮಾರಾದ ಚಿಕ್ಕ ವಿಮಾನ ನಿಲ್ದಾಣಕ್ಕೆ ಪುಟ್ಟ ವಿಮಾನವೂ ಇದೆ, ಹತ್ತು ನಿಮಿಷದ ಹಾರಾಟ. ಸೀಟು ಕಡಿಮೆ, ಲಗೇಜ್ ಕಡಿಮೆ, ಹತ್ತುವ ಮೊದಲು ಜನರನ್ನೂ ತೂಕ ಮಾಡುತ್ತಾರೆ. ದೊಡ್ಡ ಗಾಳಿಗೆ ಅದೂ ಹಾರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಮನೆಯ ಮಾಲೀಕರನ್ನು ಒಂದು ಮಾತು ಕೇಳಿ. "ನಾಳೆ ಸಂಜೆಯ ಫೆರಿ ಇರುತ್ತದಾ?" ಅಂದರೆ ಅವರು ಕಿಟಕಿಯಿಂದ ಸಮುದ್ರ ನೋಡಿ, ಜೆಟ್ಟಿಯಲ್ಲಿ ಕೆಲಸ ಮಾಡುವ ಯಾರಿಗೋ ಫೋನ್ ಮಾಡಿ ಹೇಳುತ್ತಾರೆ. "ಬೆಳಿಗ್ಗೆಯದಕ್ಕೇ ಹೋಗಿಬಿಡಿ" ಅಂದರೆ ಆ ರಾತ್ರಿಯೇ ಬ್ಯಾಗ್ ಕಟ್ಟಿ. ಉಳಿದ ಬೇಳೆ, ಬೆಣ್ಣೆ, ಹಾಲನ್ನು ಅವರಿಗೇ ಕೊಟ್ಟು ಬನ್ನಿ, ಕಡಕ್ ರೊಟ್ಟಿ ಉಳಿದಿದ್ದರೆ ಅದನ್ನೂ.